ಸವ್ಯಸಾಚಿಗಳು ತಕ್ಕಡಿಯಲ್ಲಿ: ಸೋಬರ್ಸ್, ಕಪಿಲ್, ಮಂಕಡ್... ನಮ್ಮ ಕುಂಬ್ಳೆ?

ಮಧೂರು ಬಯಲಿನಲ್ಲಿ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಕೂಳೆಗಳ ನಡುವೆಯೇ ವಿಕೆಟ್ ನೆಡುವುದು ವಾಡಿಕೆ. ಅಲ್ಲಿ ಆಡುವವರೆಲ್ಲ ಆಲ್‌ರೌಂಡರುಗಳೇ. ತಂಡಕ್ಕೆ ಏಳೆಂಟು ಜನ, ಓವರು ಐದೋ ಆರೋ. ಬ್ಯಾಟು ತಂದವನು ಮೊದಲು ಆಡುತ್ತಾನೆ, ಬಾಲು ತಂದವನು ಮೊದಲು ಎಸೆಯುತ್ತಾನೆ, ಎರಡನ್ನೂ ತಂದವನು ಕ್ಯಾಪ್ಟನ್. ಟೂರ್ನಮೆಂಟ್ ನಡೆದರೆ ‘ಬೆಸ್ಟ್ ಆಲ್‌ರೌಂಡರ್’ ಎಂದು ಒಂದು ಕಪ್ ಇದ್ದೇ ಇರುತ್ತದೆ. ಇಪ್ಪತ್ತು ರನ್ ಹೊಡೆದು ಎರಡು ವಿಕೆಟ್ ತೆಗೆದವನು ಅದನ್ನು ಮನೆಗೆ ಒಯ್ಯುತ್ತಾನೆ. ಒಯ್ಯಲಿ, ತಪ್ಪೇನಿಲ್ಲ. ಆದರೆ ಐಪಿಎಲ್ ಹರಾಜಿನ ಪಟ್ಟಿ ತೆಗೆದರೂ ಅದೇ ಕತೆ. ಆಲ್‌ರೌಂಡರ್ ಎಂಬ ತಲೆಬರಹದ ಕೆಳಗೆ ಹೆಸರುಗಳ ಸಾಲೇ ಸಾಲು. ಅದರಲ್ಲಿ ಅರ್ಧ ಜನ ಬ್ಯಾಟು ಹಿಡಿಯಬಲ್ಲ ಎಸೆತಗಾರರು, ಉಳಿದರ್ಧ ಜನ ಎರಡು ಓವರು ಎಸೆಯಬಲ್ಲ ದಾಂಡಿಗರು.

ಹಾಗಾದರೆ ನಿಜವಾದ ಸವ್ಯಸಾಚಿ ಯಾರು? ಅವರಲ್ಲಿಯೂ ಸಾರ್ವಕಾಲಿಕ ಶ್ರೇಷ್ಠ ಎನ್ನಬಹುದಾದವರು ಯಾರು? ಉಳಿಯತ್ತಡ್ಕದ ಚಹಾ ಹೋಟೆಲಿನಿಂದ ಕಾಸರಗೋಡು ಬಸ್‌ಸ್ಟ್ಯಾಂಡಿನವರೆಗೆ ಈ ಚರ್ಚೆಗೆ ಕನ್ನಡ, ತುಳು, ಮಲಯಾಳ ಎಂಬ ಭೇದವಿಲ್ಲ. ಎಂಬತ್ತರ ದಶಕದಲ್ಲಿ ಟ್ರಾನ್ಸಿಸ್ಟರ್ ಕಿವಿಗಿಟ್ಟವರು ಕಪಿಲ್ ದೊಡ್ಡವನಾ, ಇಮ್ರಾನ್ ದೊಡ್ಡವನಾ ಎಂದು ಜಗಳಾಡಿದರು. ಈಗ ಅವರ ಮಕ್ಕಳು ಮೊಬೈಲು ಹಿಡಿದು ಜಡೇಜನಾ, ಸ್ಟೋಕ್ಸಾ ಎಂದು ಜಗಳಾಡುತ್ತಾರೆ. ಅಡಿಕೆ ವ್ಯಾಪಾರದ ಊರು ನಮ್ಮದು. ಹೊಸತು, ಹಳತು, ಪಟೋರ, ಕರಿಗೋಟು, ಕೋಕ ಎಂದು ಹೆಕ್ಕಿ ಬೇರೆ ಬೇರೆ ರಾಶಿ ಹಾಕದೆ ನಾವು ದರ ಮಾತಾಡುವುದಿಲ್ಲ. ಕ್ರಿಕೆಟಿಗೆ ಬಂದಾಗ ಮಾತ್ರ ಎಲ್ಲವನ್ನೂ ಒಂದೇ ಗೋಣಿಗೆ ತುಂಬುವುದು ಯಾಕೆ? ಸ್ವಲ್ಪ ಹೆಕ್ಕಿ ನೋಡುವ. ಟೆಸ್ಟ್ ಪಂದ್ಯಗಳನ್ನಷ್ಟೇ ಹಿಡಿಯೋಣ. ಒಂದು ದಿನದ ಆಟ, ಇಪ್ಪತ್ತು ಓವರಿನ ಆಟ ಸೇರಿಸಿದರೆ ಲೆಕ್ಕ ಕಲಸಿಹೋಗುತ್ತದೆ.

ಜಮೆ–ಖರ್ಚಿನ ಲೆಕ್ಕ

ಕ್ರಿಕೆಟ್ ಪಂಡಿತರು ಬಳಸುವ ಒಂದು ಸುಲಭ ಸೂತ್ರ ಉಂಟು. ಅಂಗಡಿಯಲ್ಲಿ ಕೂತು ಖಾತೆ ಬರೆಯುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾಂಡಿಗ ಒಂದು ಸಲ ಔಟಾಗುವ ಮೊದಲು ಸರಾಸರಿ ಎಷ್ಟು ರನ್ ತರುತ್ತಾನೆ ಎಂಬುದು ಜಮೆ. ಎಸೆತಗಾರ ಒಂದು ವಿಕೆಟ್ ತೆಗೆಯಲು ಸರಾಸರಿ ಎಷ್ಟು ರನ್ ಬಿಡುತ್ತಾನೆ ಎಂಬುದು ಖರ್ಚು. ಒಬ್ಬನೇ ಎರಡೂ ಮಾಡುವಾಗ ಜಮೆಯಲ್ಲಿ ಖರ್ಚು ಕಳೆದರೆ ಉಳಿಯುವುದು ಲಾಭ.

ವೆಸ್ಟ್ ಇಂಡೀಸಿನ ಗ್ಯಾರಿ ಸೋಬರ್ಸ್ 93 ಟೆಸ್ಟ್ ಆಡಿ 57.78ರ ಸರಾಸರಿಯಲ್ಲಿ 8032 ರನ್ ತಂದರು, 34.03ರ ಸರಾಸರಿಯಲ್ಲಿ 235 ವಿಕೆಟ್ ಪಡೆದರು. ಲಾಭ ಸುಮಾರು 23.75. ದಕ್ಷಿಣ ಆಫ್ರಿಕದ ಜಾಕ್ ಕಾಲಿಸ್ 166 ಟೆಸ್ಟ್‌ಗಳಲ್ಲಿ 13,289 ರನ್ (ಸರಾಸರಿ 55.37), 292 ವಿಕೆಟ್ (ಸರಾಸರಿ 32.65). ಲಾಭ 22.72. ಇಮ್ರಾನ್ ಖಾನ್ ಲಾಭ 14.88. ಆಸ್ಟ್ರೇಲಿಯದ ಕೀತ್ ಮಿಲ್ಲರ್ ಲಾಭ ಸರಿಯಾಗಿ 14. ಅಲ್ಲಿಂದ ಕೆಳಗೆ ದರ ಒಮ್ಮೆಲೇ ಬೀಳುತ್ತದೆ. ಇಯಾನ್ ಬೋಥಮ್ 5.14, ರಿಚರ್ಡ್ ಹ್ಯಾಡ್ಲಿ 4.87. ನಮ್ಮ ಕಪಿಲ್ ದೇವ್? ಬರೇ 1.41. ವಿನೂ ಮಂಕಡ್ ಬ್ಯಾಟಿಂಗ್ 31.47, ಬೌಲಿಂಗ್ 32.32. ಅಂದರೆ ನಷ್ಟ.

ಮಂಕಡ್ ನಷ್ಟದಲ್ಲಿ ಎಂದರೆ ಆ ಕಾಲದ ಆಟ ಬಲ್ಲ ಯಾರೂ ಒಪ್ಪುವುದಿಲ್ಲ. ಒಪ್ಪಲೂಬಾರದು. ಲೆಕ್ಕ ತಪ್ಪಿಲ್ಲ, ಆದರೆ ಲೆಕ್ಕದಲ್ಲಿ ಒಂದು ಕಾಲಮ್ಮು ಬಿಟ್ಟುಹೋಗಿದೆ. ಯಾರು ಎಷ್ಟು ಹೊರೆ ಹೊತ್ತರು ಎಂಬುದು ಅದರಲ್ಲಿ ಎಲ್ಲಿಯೂ ಇಲ್ಲ. ಮನೆಯಲ್ಲಿ ನಾಲ್ಕು ಆಳುಗಳಿದ್ದು, ಸಂಜೆ ಹೊತ್ತಿಗೆ ತಾನೂ ಎರಡು ಬುಟ್ಟಿ ಗೊಬ್ಬರ ಹೊತ್ತ ಯಜಮಾನನನ್ನೂ, ಒಬ್ಬನೇ ಬೆಳಗಿನಿಂದ ಕತ್ತಲೆವರೆಗೆ ಹೊತ್ತವನನ್ನೂ ಬುಟ್ಟಿಯ ತೂಕದಿಂದ ಮಾತ್ರ ಅಳೆದರೆ ಹೇಗೆ?

ಹಾಗಾಗಿ ಇನ್ನೊಂದು ಕಾಲಮ್ಮು ಹಾಕುವ. ವೃತ್ತಿಜೀವನದಲ್ಲಿ ಎಸೆದ ಒಟ್ಟು ಚೆಂಡುಗಳನ್ನು ಆಡಿದ ಟೆಸ್ಟ್‌ಗಳಿಂದ ಭಾಗಿಸಿ ಓವರು ಮಾಡಿದರೆ ಚಿತ್ರ ಬದಲಾಗುತ್ತದೆ. ಕಾಲಿಸ್ ಎಸೆದದ್ದು 20,232 ಚೆಂಡು, ಟೆಸ್ಟಿಗೆ ಸುಮಾರು 20 ಓವರು. ಸೋಬರ್ಸ್ ಅವರಿಗಿಂತ 73 ಟೆಸ್ಟ್ ಕಡಿಮೆ ಆಡಿಯೂ ಎಸೆದದ್ದು 21,599 ಚೆಂಡು, ಟೆಸ್ಟಿಗೆ ಸುಮಾರು 39 ಓವರು. ಹತ್ತಿರಹತ್ತಿರ ಎರಡು ಪಟ್ಟು. ಕಪಿಲ್ 35, ಬೋಥಮ್ 36, ಇಮ್ರಾನ್ 37. ಮಂಕಡ್? ಟೆಸ್ಟಿಗೆ 55ಕ್ಕೂ ಹೆಚ್ಚು ಓವರು!

ಈ ಎರಡು ಕಾಲಮ್ಮು ಅಕ್ಕಪಕ್ಕ ಇಟ್ಟ ಮೇಲೆ ಕಾಲಿಸ್ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಜಗತ್ತು ಕಂಡ ಅತಿ ದೊಡ್ಡ ದಾಂಡಿಗರಲ್ಲಿ ಅವರೊಬ್ಬರು, 200 ಕ್ಯಾಚು ಹಿಡಿದ ಸ್ಲಿಪ್ ಫೀಲ್ಡರ್. ಎಸೆತಗಾರರಾಗಿ ಅವರು ನಾಲ್ಕನೆಯ, ಐದನೆಯ ಆಳು. ಡೊನಾಲ್ಡ್, ಪೊಲಾಕ್, ಎನ್ಟಿನಿ, ಸ್ಟೇನ್ ಎಸೆದು ದಣಿದ ಮೇಲೆ ಅವರ ಕೈಗೆ ಚೆಂಡು ಬರುತ್ತಿತ್ತು. ಸೋಬರ್ಸ್ ಪಕ್ಕದಲ್ಲಿ ಅವರನ್ನು ನಿಲ್ಲಿಸುವವರು ಲಾಭದ ಕಾಲಮ್ಮು ಮಾತ್ರ ನೋಡಿದವರು.

ಸೋಬರ್ಸ್ ಬಗ್ಗೆ ಹೆಚ್ಚು ವಾದ ಬೇಡ. ಹೊಸ ಚೆಂಡು ಕೊಟ್ಟರೆ ವೇಗ, ಹಳತಾದರೆ ಎಡಗೈ ಸ್ಪಿನ್, ಅದೂ ಎರಡು ಬಗೆಯದ್ದು. 1966ರಲ್ಲಿ ಇಂಗ್ಲೆಂಡಿನಲ್ಲಿ ಐದು ಟೆಸ್ಟ್‌ಗಳ ಒಂದೇ ಸರಣಿಯಲ್ಲಿ 722 ರನ್, 20 ವಿಕೆಟ್, 10 ಕ್ಯಾಚ್. ಜತೆಗೆ ನಾಯಕತ್ವ ಬೇರೆ. ಒಂದು ತಂಡಕ್ಕೆ ಹನ್ನೊಂದು ಜನ ಎಂಬ ನಿಯಮವನ್ನು ಹನ್ನೆರಡು ಮಾಡಿಕೊಂಡ ಮನುಷ್ಯ.

ಎಡೆಬೆಳೆಯ ಪರೀಕ್ಷೆ

ಮಧೂರಿನ ಪಕ್ಕದ ಕೂಡ್ಲಿನಲ್ಲಿರುವ ಸಿಪಿಸಿಆರ್‌ಐಯ ತೋಟ ಸುತ್ತಿದವರಿಗೆ ಬಹುಮಹಡಿ ಬೆಳೆ ಪದ್ಧತಿ ಗೊತ್ತು. ಮೇಲೆ ತೆಂಗು, ಅದರ ಕಾಂಡಕ್ಕೆ ಕಾಳುಮೆಣಸಿನ ಬಳ್ಳಿ, ನಡುವೆ ಕೊಕ್ಕೊ, ಕೆಳಗೆ ಅನಾನಸು. ಅಲ್ಲಿ ಒಂದು ಪ್ರಶ್ನೆ ಯಾವಾಗಲೂ ಬರುತ್ತದೆ: ಎಡೆಬೆಳೆ ತನ್ನ ಕೂಲಿಯನ್ನು ತಾನೇ ದುಡಿಯುತ್ತದೆಯೋ, ಅಥವಾ ಮುಖ್ಯ ಬೆಳೆಯ ಗೊಬ್ಬರ ತಿಂದುಕೊಂಡು ಹಸಿರಾಗಿ ಕಾಣುತ್ತದೆಯೋ? ತೆಂಗಿನ ದರ ಬಿದ್ದ ವರ್ಷ ಮೆಣಸು ಮನೆಯನ್ನು ನಡೆಸಿದರೆ ಅದು ಬೆಳೆ.

ಸವ್ಯಸಾಚಿಗೂ ಇದನ್ನೇ ಕೇಳಬೇಕು. ಬ್ಯಾಟಿಂಗ್ ಕೈಕೊಟ್ಟರೂ ಬರೀ ಬೌಲಿಂಗಿಗೆ ತಂಡದಲ್ಲಿ ಸ್ಥಾನ ಸಿಗುತ್ತದಾ? ಬೌಲಿಂಗ್ ನಡೆಯದಿದ್ದರೂ ಬರೀ ಬ್ಯಾಟಿಂಗಿಗೆ ಸಿಗುತ್ತದಾ? ಎರಡಕ್ಕೂ ಹೌದು ಎನ್ನಿಸಿಕೊಳ್ಳುವವರು ಚರಿತ್ರೆಯಲ್ಲಿ ಕೈಬೆರಳೆಣಿಕೆ. ಹ್ಯಾಡ್ಲಿಯನ್ನೇ ನೋಡಿ. 1985ರಲ್ಲಿ ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯದ ಮೇಲೆ 52 ರನ್ನಿಗೆ 9 ವಿಕೆಟ್ ತೆಗೆದು, ಬ್ಯಾಟಿನಲ್ಲಿ 54 ಹೊಡೆದು, ಮತ್ತೆ ಎರಡನೆಯ ಇನ್ನಿಂಗ್ಸಿನಲ್ಲಿ 6 ವಿಕೆಟ್. ಆದರೂ ಬರೀ ಬ್ಯಾಟಿಂಗಿಗಾಗಿ ನ್ಯೂಜಿಲೆಂಡ್ ಅವರನ್ನು ಆಡಿಸುತ್ತಿರಲಿಲ್ಲ. ಹ್ಯಾಡ್ಲಿ ಮಹಾ ಎಸೆತಗಾರ, ಬ್ಯಾಟಿಂಗ್ ಒಳ್ಳೆಯ ಎಡೆಬೆಳೆ. ಆರ್. ಅಶ್ವಿನ್ ಕೂಡ ಹಾಗೆಯೇ. 537 ವಿಕೆಟ್, ಆರು ಶತಕ. ಆ ಆರು ಶತಕ ಕೆಲವು ಬರೀ ದಾಂಡಿಗರಿಗೂ ದಕ್ಕಿಲ್ಲ. ಆದರೂ ಅವರನ್ನು ಆರಿಸಿದ್ದು ಸ್ಪಿನ್ನಿಗಾಗಿ.

ಬೋಥಮ್ ಕತೆ ಬೇರೆ. ಆರಂಭದ ಫಸಲು ಚಿನ್ನ. 1980ರಲ್ಲಿ ಮುಂಬಯಿಯಲ್ಲಿ ನಮ್ಮ ಮೇಲೆ ಶತಕ ಮತ್ತು 13 ವಿಕೆಟ್. ಮರುವರ್ಷ ಹೆಡಿಂಗ್ಲೆಯಲ್ಲಿ ಫಾಲೋ ಆನ್ ಆದ ತಂಡದಿಂದ ಔಟಾಗದೆ 149. ಆಮೇಲೆ ಬೆನ್ನು ಕೈಕೊಟ್ಟಿತು, ತೂಕ ಏರಿತು. ಮಳೆಗಾಲದ ನಡುವೆ ಕೊಳೆರೋಗ ಹಿಡಿದ ತೋಟದಂತೆ ಉದುರತೊಡಗಿತು. ಹಾಗೆಂದು ಮೊದಲಿನ ಫಸಲನ್ನು ಇಲ್ಲವೆನ್ನಲಾಗದು. ಅವರು ಮೊದಲ ರಾಶಿಯಲ್ಲೇ ಇರಲಿ, ಅಂಚಿನಲ್ಲಿ.

ಇಮ್ರಾನ್ ಬಗ್ಗೆ ಹೇಳುವಾಗ ನಮ್ಮವರಿಗೆ ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಳ್ಳುತ್ತದೆ, ಸಹಜ. 1982–83ರ ಪಾಕಿಸ್ತಾನ ಪ್ರವಾಸದಲ್ಲಿ ಆರು ಟೆಸ್ಟ್‌ಗಳಲ್ಲಿ ನಮ್ಮ 40 ವಿಕೆಟ್ ಕಿತ್ತವರು ಅವರೇ. ಫೈಸಲಾಬಾದಿನಲ್ಲಿ 117 ರನ್ ಮತ್ತು 11 ವಿಕೆಟ್. ಅದೇ ಪಂದ್ಯದಲ್ಲಿ ಕಪಿಲ್ 7 ವಿಕೆಟಿಗೆ 220 ರನ್ ತೆರಬೇಕಾಯಿತು. ನಾಯಕನಾಗಿ ಆಡಿದ 48 ಟೆಸ್ಟ್‌ಗಳಲ್ಲಿ ಇಮ್ರಾನ್ ಬ್ಯಾಟಿಂಗ್ ಸರಾಸರಿ 50 ದಾಟುತ್ತದೆ, ಬೌಲಿಂಗ್ ಸರಾಸರಿ 20ರ ಸುತ್ತ. ಇದನ್ನು ಕಂಡು ಬಾಯಿಮುಚ್ಚುವವರು ಒಂದು ವಿಷಯ ಗಮನಿಸಬೇಕು. ಅವರ ಎರಡು ಬೆಳೆಯೂ ಒಂದೇ ವರ್ಷ ತುಂಬಿ ಬಂದದ್ದು ಕಡಿಮೆ. ಬೌಲಿಂಗ್ ಉಚ್ಛ್ರಾಯದ ಕಾಲದಲ್ಲಿ ಬ್ಯಾಟಿಂಗ್ ಸಾಧಾರಣ, ಕೊನೆಯ ವರ್ಷಗಳಲ್ಲಿ ಬ್ಯಾಟಿಂಗ್ ಜೋರು, ಬೌಲಿಂಗ್ ಅಪರೂಪ. ಅಷ್ಟು ಹೇಳಿಯೂ ಅವರನ್ನು ಮೊದಲ ರಾಶಿಯಿಂದ ತೆಗೆಯಲು ಸಾಧ್ಯವಿಲ್ಲ. ಮಿಲ್ಲರ್ ಕೂಡ ಅಲ್ಲಿಯೇ.

ಇನ್ನು ಜಡೇಜ, ಸ್ಟೋಕ್ಸ್. ಜಡೇಜ ಅವರದ್ದು ಹತ್ತಕ್ಕೂ ಮೇಲಿನ ಲಾಭ. 300 ವಿಕೆಟ್ ಮತ್ತು 4000 ರನ್ ಎರಡನ್ನೂ ದಾಟಿದ ಕಪಿಲ್, ಬೋಥಮ್, ವೆಟೋರಿ ಸಾಲಿಗೆ 2025ರಲ್ಲಿ ಸೇರಿದವರು. ಆದರೆ ಅಂಗಳದಲ್ಲಿ ಒಣಗುತ್ತಿರುವ ಅಡಿಕೆಗೆ ದರ ಕಟ್ಟುವ ಅಭ್ಯಾಸ ನನಗಿಲ್ಲ.

ಮಂಕಡ್ ಮತ್ತು ಕಪಿಲ್

ನಷ್ಟದಲ್ಲಿದ್ದಾರೆಂದು ಖಾತೆ ಹೇಳಿದ ಮಂಕಡ್ ಅವರತ್ತ ಮರಳುವ. 1952ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ಅವರು ತಂಡದಲ್ಲಿರಲಿಲ್ಲ. ಆಯ್ಕೆಯ ಭರವಸೆ ಕೊಡಲು ಮಂಡಳಿ ಒಪ್ಪಲಿಲ್ಲ, ಅವರು ಹೊಟ್ಟೆಪಾಡಿಗೆ ಲಂಕಾಷೈರ್ ಲೀಗಿನ ಹ್ಯಾಸ್ಲಿಂಗ್ಡನ್ ಕ್ಲಬ್ಬಿಗೆ ಸಹಿ ಹಾಕಿದರು. ಲೀಡ್ಸಿನ ಮೊದಲ ಟೆಸ್ಟಿನಲ್ಲಿ ಎರಡನೆಯ ಇನ್ನಿಂಗ್ಸ್ ಶುರುವಾಗಿ ರನ್ನೇ ಬಾರದೆ ನಾಲ್ಕು ವಿಕೆಟ್ ಹೋಯಿತು. ಸೊನ್ನೆಗೆ ನಾಲ್ಕು! ಆಗ ಮಂಡಳಿಗೆ ಮಂಕಡ್ ನೆನಪಾದರು. ಕ್ಲಬ್ಬಿನಿಂದ ಬಿಡಿಸಿಕೊಂಡು ಲಾರ್ಡ್ಸಿಗೆ ಕರೆತಂದರು.

ಲಾರ್ಡ್ಸಿನಲ್ಲಿ ಅವರು ಮಾಡಿದ್ದು ಇಷ್ಟು. ಇನ್ನಿಂಗ್ಸ್ ಆರಂಭಿಸಿ 72 ರನ್. ಬಳಿಕ 73 ಓವರು ಎಸೆದು 196 ರನ್ನಿಗೆ 5 ವಿಕೆಟ್. ಅದು ಮುಗಿಸಿ ಬಂದವರು ಮತ್ತೆ ಪ್ಯಾಡ್ ಕಟ್ಟಿ ಇನ್ನಿಂಗ್ಸ್ ಆರಂಭಿಸಿ 184 ರನ್. ಇಂಗ್ಲೆಂಡಿಗೆ ಗೆಲ್ಲಲು ಸಣ್ಣ ಮೊತ್ತ ಬೇಕಾಗಿದ್ದಾಗ ಮತ್ತೆ 24 ಓವರು. ಒಟ್ಟು 97 ಓವರು, 256 ರನ್. ಭಾರತ ಎಂಟು ವಿಕೆಟ್‌ಗಳಿಂದ ಸೋತಿತು ಎಂಬುದು ಬೇರೆ ಮಾತು. ಅದೇ ವರ್ಷ ಫೆಬ್ರವರಿಯಲ್ಲಿ ಮದರಾಸಿನಲ್ಲಿ ಭಾರತ ತನ್ನ ಮೊತ್ತಮೊದಲ ಟೆಸ್ಟ್ ಗೆದ್ದಾಗ ಇಂಗ್ಲೆಂಡಿನ 12 ವಿಕೆಟ್ ಮಂಕಡ್ ಅವರವೇ. ಒಂದರಿಂದ ಹನ್ನೊಂದರವರೆಗೆ ಎಲ್ಲ ಸ್ಥಾನಗಳಲ್ಲೂ ಟೆಸ್ಟಿನಲ್ಲಿ ಬ್ಯಾಟ್ ಮಾಡಿದ ವಿರಳರಲ್ಲಿ ಅವರೊಬ್ಬರು. ಎಲ್ಲಿ ತೂತು ಬಿದ್ದಿತೋ ಅಲ್ಲಿ ಅವರನ್ನು ಇಟ್ಟರು ಎಂದರ್ಥ. ಇಂಥವರ ಹೆಸರು ಲೋಕದ ಬಾಯಲ್ಲಿ ಉಳಿದದ್ದು ಮಾತ್ರ 1947ರಲ್ಲಿ ಸಿಡ್ನಿಯಲ್ಲಿ ಕ್ರೀಸ್ ಬಿಟ್ಟ ದಾಂಡಿಗನನ್ನು ರನ್‌ಔಟ್ ಮಾಡಿದ್ದಕ್ಕೆ! 2022ರಲ್ಲಿ ಎಂಸಿಸಿ ಆ ಬಗೆಯ ಔಟನ್ನು ‘ಅನ್ಯಾಯದ ಆಟ’ದ ವಿಭಾಗದಿಂದ ತೆಗೆದು ಸಾದಾ ರನ್‌ಔಟ್ ಸಾಲಿಗೆ ಹಾಕಿತು. ಮಂಕಡ್ ತೀರಿಕೊಂಡು ಆಗಲೇ 44 ವರ್ಷ ಕಳೆದಿತ್ತು.

ಕಪಿಲ್ ಹೊರೆಯೂ ಅದೇ ಜಾತಿಯದ್ದು. ಸ್ಪಿನ್ನರುಗಳಿಗಾಗಿ ಹೊಸ ಚೆಂಡಿನ ಹೊಳಪು ಹೋಗಲೆಂದು ಸುನಿಲ್ ಗಾವಸ್ಕರ್ ಅಂಥವರೂ ಓವರು ಎಸೆಯುತ್ತಿದ್ದ ದೇಶದಲ್ಲಿ, 1978ರಲ್ಲಿ ಬಂದ ಹರಿಯಾಣದ ಹುಡುಗ ಹದಿನಾರು ವರ್ಷ ವೇಗದ ಬೌಲಿಂಗನ್ನು ಹೆಚ್ಚುಕಡಿಮೆ ಒಬ್ಬನೇ ಎಳೆದ. ಆ ಅವಧಿಯಲ್ಲಿ ಅವರು ತಪ್ಪಿಸಿಕೊಂಡದ್ದು ಒಂದೇ ಒಂದು ಟೆಸ್ಟ್, ಅದೂ ಗಾಯದಿಂದ ಅಲ್ಲ. 1983ರಲ್ಲಿ ಅಹಮದಾಬಾದಿನಲ್ಲಿ ವೆಸ್ಟ್ ಇಂಡೀಸಿನ ಮೇಲೆ 83 ರನ್ನಿಗೆ 9 ವಿಕೆಟ್ ತೆಗೆದರೂ ತಂಡ ಸೋತಿತು. 5000 ರನ್, 400 ವಿಕೆಟ್ ಎರಡನ್ನೂ ಟೆಸ್ಟಿನಲ್ಲಿ ಮುಟ್ಟಿದವರು ಅವರೊಬ್ಬರೇ. ಖಾತೆಯ 1.41 ನೋಡಿ ಮೂಗು ಮುರಿಯುವವರಿಗೆ 1990ರ ಲಾರ್ಡ್ಸ್ ನೆನಪಿಸಬೇಕು. ಫಾಲೋ ಆನ್ ತಪ್ಪಿಸಲು 24 ರನ್ ಬೇಕು, ಉಳಿದದ್ದು ಒಂದು ವಿಕೆಟ್, ಜತೆಗಾರ ಹಿರ್ವಾನಿ. ಹೆಮ್ಮಿಂಗ್ಸ್ ಓವರಿನಲ್ಲಿ ಸಾಲಾಗಿ ನಾಲ್ಕು ಸಿಕ್ಸರ್. ಮುಂದಿನ ಓವರಿನಲ್ಲಿ ಹಿರ್ವಾನಿ ಔಟ್. ಆ ನಾಲ್ಕನ್ನು ಆಗ ಹೊಡೆಯದಿದ್ದರೆ ಹೊಡೆಯಲು ಹೊತ್ತೇ ಇರಲಿಲ್ಲ.

ಹೀಗಾಗಿ ನನ್ನ ಮೊದಲ ರಾಶಿ: ಸೋಬರ್ಸ್, ಮಿಲ್ಲರ್, ಇಮ್ರಾನ್, ಮಂಕಡ್, ಕಪಿಲ್, ಅಂಚಿನಲ್ಲಿ ಬೋಥಮ್. ಕಾಲಿಸ್ ಎಲ್ಲಿ ಮಾರಾಯ್ರೆ ಎಂದು ಕೇಳುವವರಿಗೆ ಉತ್ತರ ಮೇಲೆ ಕೊಟ್ಟಾಗಿದೆ.

ಒಂದು ಮಾತು ಇಲ್ಲಿಯೇ ಹೇಳಬೇಕು. ಈ ರಾಶಿ ಪೂರ್ತಿ ಗಂಡಸರದ್ದಾಯಿತು. ಆದರೆ ಒಂದೇ ಟೆಸ್ಟಿನಲ್ಲಿ ಶತಕವನ್ನೂ ಹತ್ತು ವಿಕೆಟನ್ನೂ ಮೊದಲು ಸಾಧಿಸಿದ್ದು ಬೋಥಮ್ ಅಲ್ಲ, ಆಸ್ಟ್ರೇಲಿಯದ ಬೆಟ್ಟಿ ವಿಲ್ಸನ್. 1958ರಲ್ಲಿ ಮೆಲ್ಬರ್ನಿನಲ್ಲಿ ಇಂಗ್ಲೆಂಡ್ ವಿರುದ್ಧ 7 ರನ್ನಿಗೆ 7 ವಿಕೆಟ್, ಬಳಿಕ 100 ರನ್, ಮತ್ತೆ 9 ರನ್ನಿಗೆ 4 ವಿಕೆಟ್. ಬೋಥಮ್ ಅದನ್ನು ಮಾಡಿದ್ದು 22 ವರ್ಷ ಕಳೆದು. ನಮ್ಮಲ್ಲಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ವೇಗದ ಬೌಲರ್, ದಾಂಡಿಗೆ, 1976ರ ಮೊದಲ ಟೆಸ್ಟ್ ಸರಣಿಯ ನಾಯಕಿ, ಮರುವರ್ಷ ಡ್ಯುನೆಡಿನ್‌ನಲ್ಲಿ 108 ಹೊಡೆದವರು. ರೈಲಿನ ಕಾಯ್ದಿರಿಸದ ಬೋಗಿಯಲ್ಲಿ ಕೂತು ಪಂದ್ಯಕ್ಕೆ ಹೋಗುತ್ತಿದ್ದ ಕಾಲ ಅದು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ವಿಶ್ವಕಪ್ ಫೈನಲಿನಲ್ಲಿ ದೀಪ್ತಿ ಶರ್ಮಾ 58 ರನ್ ಹೊಡೆದು 5 ವಿಕೆಟ್ ತೆಗೆದಾಗ ಕಪ್ ಕೈಗೆ ಬಂತು. ಅದು ಒಂದು ದಿನದ ಪಂದ್ಯ, ನಾನು ಹಾಕಿದ ಬೇಲಿಯ ಆಚೆಯದ್ದು. ಇರಲಿ, ಬೇಲಿ ಹಾಕಿದವನೇ ಒಮ್ಮೆ ದಾಟಬಹುದು.

ನಮ್ಮವರು ಎಂಬ ಸೆಳೆತ

ಈಗ ಕಷ್ಟದ ಭಾಗ. ಅನಿಲ್ ಕುಂಬ್ಳೆ ಹುಟ್ಟಿ ಬೆಳೆದದ್ದು ಬೆಂಗಳೂರು. ಹೆಸರಿನ ಜತೆ ಇರುವುದು ನಮ್ಮ ಊರು, ಮನೆತನದ ಬೇರು ಕುಂಬಳೆ. ಮಧೂರಿನವರಿಗೆ ಅದು ನೆರೆಮನೆಯೇ. ಹಾಗಾಗಿ ಪಟ್ಟಿಯಲ್ಲಿ ಕುಂಬ್ಳೆ ಇಲ್ಲದಿದ್ದರೆ ಈ ಪುಟವನ್ನು ಕಟ್ಟು ಕಟ್ಟಲು ಬಳಸಿಯಾರು. ವಾದಕ್ಕೆ ಬಲವೂ ಉಂಟು. ಹತ್ತೊಂಬತ್ತು ವರ್ಷದೊಳಗಿನವರ ಭಾರತ ತಂಡದಲ್ಲಿ ಪಾಕಿಸ್ತಾನದ ಮೇಲೆ 113 ಹೊಡೆದ ಹುಡುಗ. 2007ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ, ತಮ್ಮ 118ನೇ ಟೆಸ್ಟಿನಲ್ಲಿ, ಔಟಾಗದೆ 110. ಭಾರತ 664 ಮಾಡಿದ ಆ ಇನ್ನಿಂಗ್ಸಿನಲ್ಲಿ ತೆಂಡುಲ್ಕರ್, ದ್ರಾವಿಡ್, ಗಂಗೂಲಿ, ಲಕ್ಷ್ಮಣ್, ಧೋನಿ ಎಲ್ಲರೂ ಇದ್ದರು, ಶತಕ ಬಂದದ್ದು ಕುಂಬ್ಳೆಯಿಂದ ಮಾತ್ರ. ಆ ಸರಣಿ ನಾವು ಗೆದ್ದೆವು.

ಆದರೂ ತಕ್ಕಡಿಗೆ ಊರಿನ ಹೆಸರು ಗೊತ್ತಿಲ್ಲ. ಬ್ಯಾಟಿಂಗ್ ಸರಾಸರಿ 17.77, ಬೌಲಿಂಗ್ 29.65. 619 ವಿಕೆಟ್ ಪಡೆದ ಕುಂಬ್ಳೆಗೆ ಆಲ್‌ರೌಂಡರ್ ಎಂಬ ಪಟ್ಟ ಕಟ್ಟಬೇಕಾದ ಅಗತ್ಯ ಏನು? 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಕಟ್ಟಿಕೊಂಡು ಬಂದು ಲಾರಾ ವಿಕೆಟ್ ತೆಗೆದದ್ದು ಸಾಲದೆ? ನಮ್ಮವರೆಂದು ಕರಿಗೋಟನ್ನು ಹೊಸತಿಗೆ ಬೆರೆಸುವುದು ಒಂದು ತಪ್ಪು. ಹೊಸತನ್ನೇ ಹಳತೆಂದು ಮಾರಹೊರಡುವುದೂ ತಪ್ಪೇ. ಕುಂಬ್ಳೆ ಅವರ ರಾಶಿ ಬೇರೆ, ಅಲ್ಲಿ ಅವರ ಮೇಲೆ ಇರುವುದು ಮೂರು ಹೆಸರು ಮಾತ್ರ: ಮುರಳೀಧರನ್, ವಾರ್ನ್, ಆಂಡರ್ಸನ್.

ರೋಜರ್ ಬಿನ್ನಿ ಕೂಡ ಈ ರಾಶಿಗೆ ಬರುವುದಿಲ್ಲ, 27 ಟೆಸ್ಟ್‌ಗಳಲ್ಲಿ 830 ರನ್, 47 ವಿಕೆಟ್ ಅಷ್ಟೆ. ಆದರೆ 1983ರ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು ವಿಕೆಟ್, ಹದಿನೆಂಟು, ಪಡೆದವರು ಅವರೇ. ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆ ಎದುರು 17ಕ್ಕೆ 5 ವಿಕೆಟ್ ಬಿದ್ದಾಗ ಕಪಿಲ್ ಜತೆ ನಿಂತು 60 ರನ್ ಸೇರಿಸಿದವರೂ ಅವರೇ. ಕಪಿಲ್ 175ರ ಕತೆ ಹೇಳುವಾಗ ಬಿನ್ನಿಯ 22, ಕೊನೆಯಲ್ಲಿ ಬಂದ ಕಿರ್ಮಾನಿಯ 24 ಮರೆತುಹೋಗುತ್ತದೆ. ಇಬ್ಬರೂ ಕರ್ನಾಟಕದವರು. ಗಡಿಯವರಿಗೆ ಬಿನ್ನಿಯ ಇನ್ನೊಂದು ಲೆಕ್ಕ ಬೇಕು. 1977–78ರಲ್ಲಿ ಚಿಕ್ಕಮಗಳೂರಿನಲ್ಲಿ ನಡೆದ ರಣಜಿ ಪಂದ್ಯದಲ್ಲಿ ಸಂಜಯ ದೇಸಾಯಿ ಜತೆ ಇನ್ನಿಂಗ್ಸ್ ಆರಂಭಿಸಿ ವಿಕೆಟೇ ಬೀಳದೆ 451 ರನ್! ದೇಸಾಯಿ 218, ಬಿನ್ನಿ 211. ಎದುರಾಳಿ ಯಾರು ಗೊತ್ತೇ? ಕೇರಳ. 1956ರ ನವೆಂಬರ್ 1ರ ಬಳಿಕ ನಾವು ಕಂದಾಯ ಕಟ್ಟುವ, ಕ್ರಿಕೆಟ್ ಆಡುವ ಕೇರಳ. ಆ ದಿನ ಮಧೂರಿನವನು ಚಪ್ಪಾಳೆ ಹೊಡೆಯಬೇಕಾದದ್ದು ಯಾರಿಗೆ?

ಕರ್ನಾಟಕ ಕಂಡ ಅಚ್ಚ ಸವ್ಯಸಾಚಿ ಎಂದರೆ ನನ್ನ ಲೆಕ್ಕದಲ್ಲಿ ಗದಗಿನ ಸುನಿಲ್ ಜೋಶಿ. ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆ ಹೊತ್ತಿಗೆ ಗದಗಿಗೆ ಮರಳುತ್ತಿದ್ದ ಹುಡುಗ. 1995–96ರ ರಣಜಿಯಲ್ಲಿ ಒಂದೇ ಋತುವಿನಲ್ಲಿ 500 ರನ್, 50 ವಿಕೆಟ್ ಎರಡನ್ನೂ ದಾಟಿದ ಮೊದಲಿಗ. 2000ದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊತ್ತಮೊದಲ ಟೆಸ್ಟಿನಲ್ಲಿ 92 ರನ್, 8 ವಿಕೆಟ್, ಪಂದ್ಯಶ್ರೇಷ್ಠ. ಒಟ್ಟು ಆಡಲು ಸಿಕ್ಕಿದ್ದು 15 ಟೆಸ್ಟ್. ಅದೇ ತಂಡದಲ್ಲಿ, ಅದೇ ರಾಜ್ಯದಿಂದ, ಕುಂಬ್ಳೆ ಎಂಬ ಸ್ಪಿನ್ನರ್ ಇದ್ದರು ಎಂಬುದನ್ನೂ ಇಲ್ಲಿ ಬರೆಯಬೇಕು.

ಮುಂದೆ ಬೆಳೆ ಉಂಟೇ?

ಈ ಚರ್ಚೆ ಹಳೇ ಹೆಸರುಗಳದ್ದು ಮಾತ್ರವಾದರೆ ಚಹಾದ ಜತೆ ಮುಗಿಯುತ್ತಿತ್ತು. 2023ರಿಂದ ಐಪಿಎಲ್‌ನಲ್ಲಿ ‘ಇಂಪ್ಯಾಕ್ಟ್ ಪ್ಲೇಯರ್’ ನಿಯಮ ಬಂದಿದೆ. ಬ್ಯಾಟಿಂಗಿಗೆ ಒಬ್ಬ ದಾಂಡಿಗ, ಬೌಲಿಂಗ್ ಹೊತ್ತಿಗೆ ಅವನ ಜಾಗಕ್ಕೆ ಒಬ್ಬ ಎಸೆತಗಾರ. ಎರಡು ಕೆಲಸಕ್ಕೆ ಎರಡು ಆಳು ಸಿಗುವಾಗ ಎರಡನ್ನೂ ಬಲ್ಲವನು ಯಾಕೆ ಬೇಕು? ಇದು ಆಲ್‌ರೌಂಡರುಗಳನ್ನು ಹಿಂದಕ್ಕೆ ತಳ್ಳುತ್ತದೆ ಎಂದು ರೋಹಿತ್ ಶರ್ಮಾ 2024ರಲ್ಲಿ ಬಹಿರಂಗವಾಗಿಯೇ ಹೇಳಿದರು. ಅದೇ ವರ್ಷ ಮುಷ್ತಾಕ್ ಅಲಿ ಟ್ರೋಫಿಯಿಂದ ಮಂಡಳಿ ನಿಯಮ ತೆಗೆಯಿತು, ಐಪಿಎಲ್‌ನಲ್ಲಿ 2027ರವರೆಗೆ ಉಳಿಸಿತು. ಸಣ್ಣ ಊರಿಗೆ ಇದರ ಪೆಟ್ಟು ಹೆಚ್ಚು. ಏಳೆಂಟು ಜನರ ತಂಡದಲ್ಲಿ ಬೆಳೆದ ಹುಡುಗನಿಗೆ ಹುಟ್ಟಿನಿಂದ ಬಂದ ಬಂಡವಾಳವೇ ಎರಡೂ ಕೈಯ ಆಟ. ಶಿಬಿರಕ್ಕೆ ಹೋದ ಮೊದಲ ದಿನವೇ ಒಂದನ್ನು ಬಿಡು ಎಂದರೆ ಅವನು ಅರ್ಧ ಬಂಡವಾಳ ಗದ್ದೆಯಲ್ಲೇ ಬಿಟ್ಟು ಹೋಗಬೇಕು.

ಎರಡು ಕೆಲಸ ಬಲ್ಲವನಿಂದ ತಂಡಕ್ಕೆ ಏನು ಸಿಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ತಳಂಗರೆಯ ಮುಹಮ್ಮದ್ ಅಜರುದ್ದೀನ್ ವಿಕೆಟ್ ಹಿಂದೆ ದಿನವಿಡೀ ಕೂತು ಏಳುವವನು; 2025ರ ಫೆಬ್ರವರಿಯಲ್ಲಿ ಅಹಮದಾಬಾದಿನ ರಣಜಿ ಸೆಮಿಫೈನಲಿನಲ್ಲಿ ಗುಜರಾತ್ ಎದುರು ಔಟಾಗದೆ 177 ಹೊಡೆದ. ಕೇರಳ 457, ಗುಜರಾತ್ 455. ಎರಡು ರನ್ನಿನ ಮುನ್ನಡೆಯಲ್ಲಿ ಕೇರಳ ಮೊದಲ ಬಾರಿಗೆ ಫೈನಲ್ ಕಂಡಿತು. ವಿಕೆಟ್‌ಕೀಪರನನ್ನು ಆಲ್‌ರೌಂಡರ್ ಎನ್ನಬಹುದೇ? ಪಂಡಿತರು ಬೇಡ ಎನ್ನುತ್ತಾರೆ. ತಳಂಗರೆಯಲ್ಲಿ ಹೋಗಿ ಬೇಡ ಎನ್ನುವ ಧೈರ್ಯ ನನಗಿಲ್ಲ. ಅಲ್ಲಿ ‘ನಮ್ಮುಡೆ ಆಳ್’ ಎಂದರೆ ವಾದ ಮುಗಿಯಿತು.

ಅದೇ ಕೇರಳ ತಂಡದಲ್ಲಿ ಇನ್ನೊಬ್ಬರಿದ್ದರು, ಇಂದೋರಿನ ಜಲಜ್ ಸಕ್ಸೇನಾ. ಮಧ್ಯಪ್ರದೇಶ ಬಿಟ್ಟು 2016ರಲ್ಲಿ ಕೇರಳಕ್ಕೆ ಬಂದವರು. 2024ರ ನವೆಂಬರಿನಲ್ಲಿ ತುಂಬಾ ಮೈದಾನದಲ್ಲಿ ಉತ್ತರ ಪ್ರದೇಶದ ಎದುರು ರಣಜಿಯಲ್ಲಿ 400ನೇ ವಿಕೆಟ್ ಪಡೆದರು. ಅಷ್ಟು ಹೊತ್ತಿಗೆ 6000 ರನ್ ಆಗಿತ್ತು. ರಣಜಿ ಚರಿತ್ರೆಯಲ್ಲಿ ಈ ಎರಡೂ ಸೇರಿ ಇರುವುದು ಅವರ ಹೆಸರಿನಲ್ಲಿ ಮೊದಲು. ಭಾರತಕ್ಕಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಟೆಸ್ಟ್ ಮಾತ್ರ ಹಿಡಿಯುವ ಎಂದು ಮೇಲೆ ಬರೆದೆನಲ್ಲ, ಆ ತಕ್ಕಡಿಯಲ್ಲಿ ಅವರನ್ನು ಇಡಲು ಜಾಗವೇ ಇಲ್ಲ. 2025ರಲ್ಲಿ ಅವರು ಕೇರಳ ಬಿಟ್ಟು ಮಹಾರಾಷ್ಟ್ರಕ್ಕೆ ಹೋದರು. ಅಕ್ಟೋಬರಿನಲ್ಲಿ ತಿರುವನಂತಪುರದಲ್ಲಿ ಋತುವಿನ ಮೊದಲ ಪಂದ್ಯ, ಎದುರಿಗೆ ಅದೇ ಕೇರಳ. ಮಹಾರಾಷ್ಟ್ರ ಸೊನ್ನೆಗೆ ಮೂರು, ಆಮೇಲೆ 18ಕ್ಕೆ 5. ಆಗ ಕ್ರೀಸಿಗೆ ಬಂದ 38ರ ಜಲಜ್, ಋತುರಾಜ್ ಗಾಯಕ್ವಾಡ್ ಜತೆ ನಿಂತು ನೂರಕ್ಕೂ ಹೆಚ್ಚು ರನ್ ಸೇರಿಸಿ, 49ಕ್ಕೆ ಔಟಾಗಿ ಹೊರಗೆ ಹೋದರು.